ವಾಸನೆಯಿಲ್ಲದ ನೀರು

6, ಬುಧವಾರ. ಬೆಳಿಗ್ಗೆ 6.30

ಹನ್ನೊಂದು ಬಿಂದಿಗೆ, ನಾಲ್ಕು ಬಕೆಟ್, ಒಂದು ಡ್ರಮ್ಮು. ಎಲ್ಲ ತೊಳೆದು, ತುಂಬಿಸಿ, ಮುಚ್ಚಿದ್ದಾಯಿತು. ಸೊಂಟ ಬಿದ್ದುಹೋಗಿದೆ. ನದಿ ಮೂರು ದಿನದಿಂದ ಏರುತ್ತಿದೆ, ಈ ಕಟ್ಟಡದಲ್ಲಿ ಅದು ಕಂಡಿರುವುದು ನನಗೊಬ್ಬಳಿಗೇ. ತಾನು ಹುಟ್ಟಿದ ಮೇಲೆ ಈ ಬೀದಿಗೆ ನೀರು ಬಂದದ್ದನ್ನು ನೋಡಿಲ್ಲ ಎಂದ ತಮ್ಮ, ಹಾಸಿಗೆಯಲ್ಲಿ ಹೊರಳುತ್ತಾ. ಅವನು ಹುಟ್ಟಿದ ಮೇಲೆ ನೋಡಿರುವುದೇ ಟಿವಿ ಮತ್ತು ತಟ್ಟೆ.

ಮೇಲಿನ ಮನೆಯ ಬ್ಯಾಂಕ್ ಮ್ಯಾನೇಜರು (ರಿಟೈರಾಗಿ ಏಳು ವರ್ಷವಾದರೂ ಮ್ಯಾನೇಜರೇ) ಪ್ರವಾಹಕ್ಕೆ ತಯಾರಿ ಎಂದು ಎಂಟು ಪೌಂಡ್ ಬ್ರೆಡ್ಡು, ಎರಡು ಡಬ್ಬ ಐಸ್‌ಕ್ರೀಮ್ ತಂದಿಟ್ಟಿದ್ದಾರೆ. ಕರೆಂಟು ಹೋದರೆ ಐಸ್‌ಕ್ರೀಮನ್ನು ಏನು ಮಾಡುತ್ತೀರಿ ಎಂದೆ. ತಿಂದುಬಿಡುತ್ತಾರಂತೆ.

ತಮ್ಮನ ಮಗಳು ಮೊಂಡಿ ಮಾತ್ರ ಒಂದೊಂದೇ ಬಿಂದಿಗೆಗೆ ಮುಚ್ಚಳ ತಂದುಕೊಟ್ಟಳು. ಐದು ವರ್ಷ. ಈ ಮನೆಯಲ್ಲಿ ಬುದ್ಧಿ ಇರುವುದು ಅವಳೊಬ್ಬಳಿಗೆ. ಅದು ನನ್ನ ಕಡೆಯಿಂದ ಬಂದದ್ದು.

7, ಗುರುವಾರ. ಮಧ್ಯಾಹ್ನ

ಬಂತು. ಬೆಳಗಾಗುವಷ್ಟರಲ್ಲಿ ಕೆಳಗಿನ ಮನೆಯಲ್ಲಿ ಸೊಂಟದವರೆಗೆ ನೀರು. ಟೈಲರು ಹೊಲಿಗೆ ಮೆಷಿನ್ನು ಹೊತ್ತು ಹತ್ತಿದ, ಹೆಂಡತಿ ಅತ್ತೆಯನ್ನು ಹೊತ್ತು ಹತ್ತಿದಳು. ಮೂವರಿಗೂ ಮ್ಯಾನೇಜರ ಹಾಲಿನಲ್ಲಿ ಜಾಗವಾಯಿತು. ನಾವು ನಡುವಿನ ಮಹಡಿ, ಒದ್ದೆಯಾಗಲಿಲ್ಲ. ತಮ್ಮ ಬಾಲ್ಕನಿಯಲ್ಲಿ ನಿಂತು ಫೋಟೋ ತೆಗೆಯುತ್ತಿದ್ದಾನೆ.

ಕರೆಂಟು ಬೆಳಗಿನ ಜಾವ ನಾಲ್ಕಕ್ಕೇ ಹೋಗಿತ್ತು. ನಾಲ್ಕು ಗಂಟೆ ಕಾದು ಫ್ರಿಜ್ಜು ಖಾಲಿ ಮಾಡಿದೆ. ಹಾಲು, ನಿನ್ನೆಯ ಅನ್ನ, ಕೋಳಿ ಸಾರು. ತಮ್ಮನ ಹೆಂಡತಿ ಸಾರಿನ ಪಾತ್ರೆ ಮೂಸಿ, ಇನ್ನೂ ಚೆನ್ನಾಗಿದೆ ಎಂದು ಗೋಗರೆದಳು. ಮೂಗು ಥರ್ಮಾಮೀಟರ್ ಅಲ್ಲ ಎಂದು ಹೇಳಿ, ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಂಟು ಕಟ್ಟಿದೆ. ಕಣ್ಣಲ್ಲಿ ನೀರು ತಂದುಕೊಂಡಳು. ಅವಳ ಸಾರಿಗೆ ಯಾರಾದರೂ ಅತ್ತದ್ದು ಇದೇ ಮೊದಲು.

8, ಶುಕ್ರವಾರ. ಸಂಜೆ

ಎಂಟು ಜನ. ಎರಡೇ ದಿನಕ್ಕೆ ನನ್ನ ನೀರೆಲ್ಲ ಖಾಲಿ! ಮ್ಯಾನೇಜರು ಎರಡು ಬಕೆಟ್ ಸುರಿದುಕೊಂಡು ಸ್ನಾನ ಮಾಡಿದರಂತೆ, ಕ್ಷೌರ ಬೇರೆ. ಪ್ರವಾಹ ನೋಡಲು ಯಾರು ಬರುತ್ತಾರೋ.

ಉಳಿದಿರುವುದು ಸಂಪಿನ ನೀರು. ಅದಕ್ಕೂ ಬೀದಿಯ ಕೊಳಚೆ ನುಗ್ಗಿದೆ. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಾಗ ನಾನು ನೀಲಿ ಡಬ್ಬ ಇಳಿಸಿದೆ. ಊರಿನ ನೀರು ಸರಬರಾಜು ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದೆ. ರಿಟೈರಾದ ದಿನ ಅವರಾಗಿ ಕೊಟ್ಟದ್ದು ಒಂದು ಗಡಿಯಾರ, ಅದು ಆರು ತಿಂಗಳಿಗೇ ನಿಂತಿತು. ನಾನಾಗಿ ಕೇಳಿ ತಂದದ್ದು ಈ ಬ್ಲೀಚಿಂಗ್ ಪೌಡರು.

ಟೈಲರು ಸೇದಿ ಕೊಟ್ಟ. ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೆಸರು ತಂಗಲು ಬಿಟ್ಟು, ತಿಳಿಯನ್ನು ಮಾತ್ರ ಡ್ರಮ್ಮಿಗೆ ತುಂಬಿಸಿದೆ. ಪೌಡರನ್ನು ತೂಕ ಮಾಡಿಯೇ ಹಾಕಿದ್ದು, ಕಣ್ಣಳತೆಯಲ್ಲಲ್ಲ. ಡಬ್ಬ ತೆರೆದಾಗ ಬೇರೆಯವರಾಗಿದ್ದರೆ ಕಣ್ಣುಜ್ಜಿಕೊಂಡು ಓಡುತ್ತಿದ್ದರು. ನನಗೆ ಏನೂ ಆಗಲಿಲ್ಲ. ಅಭ್ಯಾಸ.

ಕುದಿಸಿ ಕುಡಿಯೋಣ ಎಂದು ತಮ್ಮನ ಹೆಂಡತಿಯ ರಾಗ. ಇರುವುದು ಅರ್ಧ ಸಿಲಿಂಡರು, ಅದು ಅಡುಗೆಗೇ ಸಾಲದು. ಪಿಯುಸಿಯಲ್ಲಿ ಎರಡು ಸಲ ಫೇಲಾದವಳು ನನಗೆ ನೀರಿನ ಪಾಠ ಹೇಳಿಕೊಡುತ್ತಾಳೆ.

9, ಶನಿವಾರ. ಬೆಳಿಗ್ಗೆ 10

ತಮ್ಮನ ಹೆಂಡತಿ ಐದು ಗಂಟೆಗೇ ಎದ್ದು ಕಳ್ಳಿಯ ಹಾಗೆ ಒಲೆ ಹಚ್ಚಿದ್ದಳು. ಪಾತ್ರೆಯಲ್ಲಿ ನನ್ನ ಡ್ರಮ್ಮಿನ ನೀರು.

"ಮಗೂಗೆ ಮಾತ್ರ ಅಕ್ಕ. ಅರ್ಧ ಪಾತ್ರೆ ಅಷ್ಟೆ."

ಒಲೆ ಆರಿಸಿದೆ. ಅವಳ ಎದುರಿಗೇ ನೀರನ್ನು ಮತ್ತೆ ಡ್ರಮ್ಮಿಗೆ ಸುರಿದೆ. ನನ್ನ ನೀರಿನ ಮೇಲೆ ನಂಬಿಕೆ ಇಲ್ಲದಿದ್ದರೆ ಈ ಮನೆಯಲ್ಲಿ ನೀರೇ ಮುಟ್ಟಬೇಡ ಎಂದೆ. ತಮ್ಮ ಮಲಗಿದ್ದಲ್ಲೇ ಮಗ್ಗುಲು ಬದಲಿಸಿದ. ಗಂಡಸು.

ಮಧ್ಯಾಹ್ನ 3. ದೋಣಿಯಲ್ಲಿ ನಗರಸಭೆಯವರು ಕ್ಯಾನ್ ನೀರು ತಂದಿದ್ದರು. ಔಷಧಿ ನಾತ. ಮ್ಯಾನೇಜರು ಒಂದು ಗುಟುಕು ಕುಡಿದು ಉಗಿದು, ಉಳಿದದ್ದನ್ನು ಹೂವಿನ ಕುಂಡಕ್ಕೆ ಸುರಿದರು. ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಲ್ಯಾಬ್ ಮೇಡಂ ನೀರು ನೋಡಿ. ಔಷಧಿ ಹಾಕಿದಾರೆ ಅಂತಾನೇ ಗೊತ್ತಾಗಲ್ಲ." ಟೈಲರ ಹೆಂಡತಿಯೂ ಹೌದೆಂದಳು. ಕ್ಯಾನುಗಳನ್ನು ವಾಪಸು ಕಳಿಸಿದೆವು. ಮೂರ್ಖರ ಬಾಯಲ್ಲೂ ಅಪರೂಪಕ್ಕೆ ನಿಜ ಬರುತ್ತದೆ. ಬರೆದಿಡುತ್ತೇನೆ.

10, ಭಾನುವಾರ

ಮ್ಯಾನೇಜರಿಗೆ ಭೇದಿ. ಆಗದೇ ಇರುತ್ತದೆಯೇ! ಕರಗಿದ ಐಸ್‌ಕ್ರೀಮ್ ಎರಡು ಡಬ್ಬವನ್ನೂ ಒಬ್ಬರೇ ಮುಗಿಸಿದ್ದಾರೆ. ಟೈಲರ ತಾಯಿಗೂ ಹೊಟ್ಟೆ ಸರಿಯಿಲ್ಲ. ಅಜ್ಜಿ ಬೂಷ್ಟು ಹಿಡಿದ ಬ್ರೆಡ್ಡಿನ ಅಂಚು ಕಿತ್ತು ತಿಂದಿದೆ. ಮೆಟ್ಟಿಲ ಮೇಲೆ ನಿಂತು ಹದಿನೈದು ನಿಮಿಷ ತಿಳಿಹೇಳಿದೆ. ತಲೆಯಾಡಿಸಿದರು, ಕುರಿಗಳು.

ನನಗೂ ಬೆಳಿಗ್ಗೆಯಿಂದ ಮೂರು ಸಲ ಆಯಿತು. ನಿದ್ದೆಗೆಟ್ಟದ್ದಕ್ಕೆ.

12, ಮಂಗಳವಾರ. ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ಮೊಂಡಿ.

ನಿನ್ನೆ ಬೆಳಿಗ್ಗೆಯಿಂದ ಹದಿಮೂರು ಸಲ. ವಾಂತಿ ಬೇರೆ. ಕಣ್ಣು ಒಳಗೆ ಹೋಗಿದೆ. ಹೊಟ್ಟೆಯ ಚರ್ಮ ಚಿವುಟಿದರೆ ನಿಧಾನವಾಗಿ ಇಳಿಯುತ್ತದೆ. ಸಕ್ಕರೆ, ಉಪ್ಪು ಅಳೆದು, ಡ್ರಮ್ಮಿನ ನೀರಿನಲ್ಲಿ ಕಲಸಿ, ಚಮಚ ಚಮಚವಾಗಿ ನಾನೇ ಕುಡಿಸುತ್ತಿದ್ದೇನೆ. ಕುಡಿಸಿದಷ್ಟೂ ಹೋಗುತ್ತಿದೆ. ಯಾಕೆ? ಅಳತೆ ಸರಿಯಾಗಿದೆ. ಮೂರು ಸಲ ನೋಡಿದೆ.

ಮೇಲಿನವರು ಏನಾದರೂ ತಿನ್ನಿಸಿರಬೇಕು. ಬ್ರೆಡ್ಡು. ಖಂಡಿತ ಬ್ರೆಡ್ಡೇ.

ತಮ್ಮನ ಹೆಂಡತಿ ನನ್ನ ಮುಖ ನೋಡುತ್ತಿಲ್ಲ. ಕೊನೆಗೂ ಆಸ್ಪತ್ರೆಗೆ ಫೋನ್ ಸಿಕ್ಕಿತು. ದೋಣಿ ಕಳಿಸುತ್ತಾರಂತೆ.

12. ಸಂಜೆ 5

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ದೋಣಿಯಲ್ಲಿ ನರ್ಸ್ ಬಂದಳು. ಚಿಕ್ಕ ಹುಡುಗಿ, ನನ್ನ ಕೈಕೆಳಗೆ ಇದ್ದಿದ್ದರೆ ಮೊದಲ ವರ್ಷವೆಲ್ಲ ಗ್ಲಾಸು ತೊಳೆಸುತ್ತಿದ್ದೆ. ಮಗುವನ್ನು ನೋಡಿದಳು, ಯಾವ ನೀರು ಕುಡಿಯುತ್ತಿದ್ದೀರಿ ಎಂದಳು. ಟ್ರೀಟ್ ಮಾಡಿದ ನೀರು ಎಂದೆ, ಇಂಗ್ಲಿಷಿನಲ್ಲೇ. ಚೀಲದಿಂದ ಗಾಜಿನ ಕೊಳವೆ ತೆಗೆದು ಡ್ರಮ್ಮಿನ ನೀರು ತುಂಬಿಸಿ, ಔಷಧಿಯ ನಾಲ್ಕು ಹನಿ ಬಿಟ್ಟಳು. ಪೌಡರಿನ ಕ್ಲೋರಿನ್ ಇದ್ದರೆ ಹಳದಿಯಾಗಬೇಕು. ಈ ಪರೀಕ್ಷೆಯನ್ನು ನಾನು ಎಷ್ಟು ಸಾವಿರ ಸಲ ಮಾಡಿದ್ದೇನೋ.

ಹಳದಿಯಾಗಲಿಲ್ಲ. ಕೊಳವೆ ಕಿತ್ತುಕೊಂಡು ನಾನೇ ಅಲುಗಿಸಿದೆ. ಬೆಳಕಿಗೆ ಹಿಡಿದೆ. ಬರೀ ನೀರು.

ಡಬ್ಬ ತೋರಿಸಿ ಎಂದಳು. ತೆರೆದು ಮೂಸಿದಳು.

"ಮೇಡಂ, ಇದು ಯಾವಾಗಿಂದು?"

ನಾಲ್ಕು ವರ್ಷ. ಲ್ಯಾಬಿನಲ್ಲೇ ಬಾಯಿ ಒಡೆದಿದ್ದ ಡಬ್ಬ. ಬಾಯಿ ತೆರೆದ ಪೌಡರು ತಿಂಗಳುಗಳಲ್ಲಿ ಸತ್ವ ಕಳೆದುಕೊಂಡು ಸುಣ್ಣವಾಗುತ್ತದೆ ಎಂದು ಲ್ಯಾಬಿನ ಗೋಡೆಗೆ ಬರೆದು ಅಂಟಿಸಿದವಳು ನಾನು. ಹಾಕಿ ಅರ್ಧ ಗಂಟೆಯಾದ ಮೇಲೂ ನೀರಿನಲ್ಲಿ ಸಣ್ಣಗೆ ವಾಸನೆ ಇರಲೇಬೇಕು, ಇಲ್ಲದಿದ್ದರೆ ಔಷಧಿ ಕೆಲಸ ಮಾಡಿಲ್ಲ ಎಂದು ಪಂಪ್‌ಹೌಸಿನವರನ್ನು ಸಾಲಾಗಿ ನಿಲ್ಲಿಸಿ ಬೈದವಳೂ ನಾನೇ. ವಾಸನೆಯೇ ಇಲ್ಲ ಎಂದು ಹೊಗಳಿದರು. ಹಿಗ್ಗಿ ಇದೇ ಪುಸ್ತಕದಲ್ಲಿ ಬರೆದುಕೊಂಡೆ. ಆ ಕೊಳಚೆಯನ್ನೇ ಚಮಚದಲ್ಲಿ ಮಗುವಿನ ಬಾಯಿಗೆ ಹಾಕಿದೆ, ಅಳತೆ ತಪ್ಪದೆ.

ಮೇಲಿನವರಿಗೂ ಹೇಳಬೇಕಲ್ಲ ಎಂದಳು ನರ್ಸ್. ನಾನು ಹೇಳುತ್ತೇನೆ, ನೀವು ಹೊರಡಿ ಎಂದೆ. ನೀರಿಗೆ ಹಾಕುವ ಮಾತ್ರೆಯ ಪಟ್ಟಿ ಕೊಟ್ಟಳು. ತಮ್ಮ ಮಗುವನ್ನು ಎತ್ತಿಕೊಂಡು ಇಳಿದ, ಹಿಂದೆ ಅವನ ಹೆಂಡತಿ. ನಾನೂ ಒಂದು ಕಾಲು ಮುಂದಿಟ್ಟೆ. ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ತಮ್ಮನ ಹೆಂಡತಿ ಬಟ್ಟೆಯ ಚೀಲವನ್ನು ಆ ಜಾಗದಲ್ಲಿಟ್ಟಳು.

13, ಬುಧವಾರ. ಬೆಳಿಗ್ಗೆ 7

ಮೇಲೆ ಹೋಗಿಲ್ಲ.

ನಿನ್ನೆ ಸಂಜೆ ಟೈಲರ ಹೆಂಡತಿ ಬಿಂದಿಗೆ ಹಿಡಿದು ಬಂದಳು. ನೀರು ಮುಗಿದಿದೆ ಎಂದೆ, ಬಾಗಿಲು ತೆರೆಯದೆ. ಪರವಾಗಿಲ್ಲ, ಮಧ್ಯಾಹ್ನ ಒಯ್ದದ್ದು ಇನ್ನೂ ಎರಡು ಬಿಂದಿಗೆ ಇದೆ ಎಂದಳು. ಸರಿ ಎಂದೆ. ಸರಿ! ಬಾಯಿಗೆ ಬಂದದ್ದು ಅದು. ಅವಳು ಹೋದ ಮೇಲೆ ಡ್ರಮ್ಮನ್ನು ಬಚ್ಚಲಿಗೆ ಉರುಳಿಸಿ ಖಾಲಿ ಮಾಡಿದೆ, ಯಾರಿಗೂ ಸದ್ದು ಕೇಳದ ಹಾಗೆ. ಮ್ಯಾನೇಜರು ನಕ್ಕರೆ ಎಂಬುದೊಂದೇ ತಲೆಯಲ್ಲಿ. ಭೇದಿಯಾಗಿ ಎದ್ದು ನಿಲ್ಲಲಾರದ ಮನುಷ್ಯ ನಗುತ್ತಾನೆಂದು ಹೆದರಿದ್ದೇನೆ. ಇಷ್ಟು ದಿನ ಇವರನ್ನೆಲ್ಲ ಉಗಿದೆ, ನನಗೆಂದು ಎಂಜಲೂ ಉಳಿದಿಲ್ಲ.

8.10

ಫೋನ್. ತಮ್ಮ. ಎರಡು ಬಾಟಲಿ ಡ್ರಿಪ್ ಏರಿಸಿದ ಮೇಲೆ ಮೊಂಡಿ ಬೆಳಿಗ್ಗೆ ಉಚ್ಚೆ ಹೊಯ್ದಳಂತೆ. ಬಿಸ್ಕತ್ತು ಬೇಕೆಂದು ಹಟ ಮಾಡುತ್ತಿದ್ದಾಳಂತೆ. ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ.

ಆಮೇಲೆ ಅವನ ಹೆಂಡತಿ ಫೋನ್ ತೆಗೆದುಕೊಂಡಳು. ಬೈಯಲಿ ಎಂದು ಕಾದೆ.

"ಅಕ್ಕ, ಮೇಲಿನೋರು ಆ ನೀರು ಕುಡೀತಿಲ್ಲ ತಾನೆ?"

ಇಲ್ಲ ಎಂದೆ.

8.25

ಹದಿನೆಂಟು ಮೆಟ್ಟಿಲು. ಮಾತ್ರೆಯ ಪಟ್ಟಿ ಕೈಯಲ್ಲಿದೆ. ನೀರು ಚೆಲ್ಲಿ ಎಂದಷ್ಟೇ ಹೇಳಿದರೆ ಚೆಲ್ಲುವುದಿಲ್ಲ, ಲ್ಯಾಬ್ ಮೇಡಂ ನೀರು ಎಂದು ಕಾಪಾಡಿಕೊಂಡು ಕೂತಿದ್ದಾರೆ. ಕಾರಣ ಹೇಳಲೇಬೇಕು. ಇಲ್ಲಿ ಬರೆದುಕೊಂಡು ಹೋದರೆ ಅಲ್ಲಿ ನಾಲಿಗೆ ಹೊರಳೀತು: ಪೌಡರು ಹಳೆಯದು, ನಾನು ನೋಡಲಿಲ್ಲ, ತಪ್ಪು...

ಬಾಗಿಲು ತಟ್ಟುತ್ತಿದ್ದಾರೆ. ಟೈಲರ ಹೆಂಡತಿ. ಅಜ್ಜಿಗೆ ವಾಂತಿ ನಿಲ್ಲುತ್ತಿಲ್ಲವಂತೆ. ಮೊಂಡಿಗೆ ಕೊಟ್ಟ ಹಾಗೆ ಸಕ್ಕರೆ ಉಪ್ಪಿನ ನೀರು ಕೊಡುತ್ತಾಳಂತೆ, ನಿಮ್ಮ ನೀರಿನಲ್ಲೇ ಕಲಸಲಾ ಎಂದು ಕೇಳುತ್ತಿದ್ದಾಳೆ —