ಹಸಿರು ಕಾಯಿ ಕೊಯ್ಯಿಸಿದವರೇ ಕೊಡುವ ತರಬೇತಿ

ನಮ್ಮ ಜಿಲ್ಲೆಯ ಕಾಫಿ ಗುಣಮಟ್ಟ ಅಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆಯಲು ಕೈ ಬರಲಿಲ್ಲ. ಮೊನ್ನೆ ನಿಮ್ಮ ಕಚೇರಿಯಿಂದ ನನ್ನ ಅತ್ತೆ ಎಲೆಮಾ ಅವರಿಗೆ ಕರೆಯೋಲೆ ಬಂತು. ‘ಹಣ್ಣಾದ ಕಾಫಿಯನ್ನಷ್ಟೇ ಕೊಯ್ಯುವುದು ಹೇಗೆ’ ಎಂಬ ಎರಡು ದಿನದ ತರಬೇತಿಗೆ ಅವರು ಹಾಜರಾಗಬೇಕಂತೆ. ನಮ್ಮ ಕಾಫಿಯಲ್ಲಿ ಹಸಿರು ಕಾಯಿ ಬೆರೆತು ವಿಶೇಷ ದರ್ಜೆ ಕೈತಪ್ಪಿದ್ದಕ್ಕೆ ಈ ಉಪಕಾರ. ಆ ಹಸಿರು ಕಾಯಿಯನ್ನು ಕೊಯ್ಯಿಸಿದವರು ಯಾರು ಸ್ವಾಮಿ? ನೀವಲ್ಲವೇ?

ನನಗೆ ಮದುವೆಯಾಗಿ ನಾಲ್ಕೇ ತಿಂಗಳು. ಅಡಿಸ್ ಅಬಾಬದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಗುಜಿಯ ಈ ಗುಡ್ಡ ಹತ್ತಿದ್ದು ಗಂಡ ಗಲ್ಗಲೋನ ಒಂದು ನಗುವಿಗಾಗಿ. ಬಹಿರಂಗ ಪತ್ರದಲ್ಲಿ ಇದನ್ನು ಬರೆಯಬಾರದೇನೋ, ಬರೆದಾಯಿತು! ಬಂದ ಮೇಲೆ ಕಾಫಿಗೂ ಮನಸೋತೆ. ಒಂದೇ ಗೊಂಚಲಿನಲ್ಲಿ ಇಂದು ಎರಡು ಹಣ್ಣು ಕೆಂಪಾದರೆ ಮುಂದಿನ ವಾರ ಮೂರು. ಅತ್ತೆ ಬೇಸರವಿಲ್ಲದೆ ಅದೇ ಗಿಡಕ್ಕೆ ನಾಲ್ಕು ಸಲ ಮರಳುತ್ತಾರೆ. ಬಿದಿರಿನ ಅಟ್ಟದ ಮೇಲೆ ಹಣ್ಣು ಹರಡಿ, ನೆತ್ತಿಯ ಬಿಸಿಲಿಗೆ ಮುಚ್ಚಿ, ಮತ್ತೆ ತೆರೆದು, ದಿನವಿಡೀ ಕೈಯಾಡಿಸುತ್ತಾರೆ. ಹೀಗೆ ಮಾಡಿದರೆ ನಿಮ್ಮ ಕಾಫಿ ಊರವರ ರಾಶಿಯಲ್ಲಿ ಬೆರೆಯದೆ ನಿಮ್ಮ ಹೆಸರಿನಲ್ಲೇ ಮಾರಾಟವಾಗುತ್ತದೆ, ಬದುಕು ಬದಲಾಗುತ್ತದೆ ಎಂದು ಭಾಷಣ ಮಾಡಿದವರು ನೀವು. ಅದನ್ನು ನಂಬಿ ಅವರು ಮೂರು ವರ್ಷ ದುಡಿದರು.

ಆಮೇಲೆ ವಿದೇಶಿ ಖರೀದಿದಾರರ ಭೇಟಿ, ಕಾಯಿ ಹಣ್ಣಾಗುವುದಕ್ಕೆ ಹತ್ತು ದಿನ ಮುಂಚೆಯೇ ನಿಗದಿಯಾಯಿತು. ನೀವು ಓಡಿ ಬಂದಿರಿ.

“ಅರ್ಧ ಖಾಲಿ ಅಟ್ಟ ತೋರಿಸಿ ನನ್ನ ಮಾನ ಕಳೀತೀರಾ? ಗಿಡದಲ್ಲಿರೋದನ್ನೆಲ್ಲ ಸವರಿ ಹಾಕಿ. ಮೇಲೆ ಒಂದು ಪದರ ಕೆಂಪು ಹರಡಿದ್ರೆ ಮುಗೀತು.”

“ಅದಿನ್ನೂ ಕಾಯಿ ಸಾಹೇಬ್ರೇ,” ಎಂದರು ಅತ್ತೆ.

“ಫೋಟೋದಲ್ಲಿ ರುಚಿ ಕಾಣಲ್ಲ ಬಿಡಮ್ಮ!”

“ಹಾಗಾದ್ರೆ ಸುಣ್ಣದ ಕಲ್ಲಿಗೇ ಕೆಂಪು ಬಣ್ಣ ಬಳಿದು ಹರಡೋಣ್ವಾ?” ಎಂದ ನನ್ನ ಗಂಡ.

“ನಿಮ್ಮ ಮಾರಾಟದ ಪರವಾನಗಿಗೆ ಸಹಿ ಹಾಕೋ ಕೈ ಯಾವುದು ಅಂತ ನೆನಪಿರ್ಲಿ ತಮ್ಮಾ.”

ಕೊಯ್ದೆವು. ಖರೀದಿಗೆ ಬಂದ ಹೆಂಗಸು ಜಾಣೆ. ಅಟ್ಟದ ಮೇಲಿನ ಕೆಂಪು ಪದರದಡಿಗೆ ಕೈ ತೂರಿಸಿ ಹಸಿರು ಕಾಯಿ ತೆಗೆದು, ಇದೇಕೆ ಹೀಗೆ ಎಂದು ನನ್ನನ್ನು ಕೇಳಿದಳು. ದುಭಾಷಿ ನಾನೇ ತಾನೇ? ನೀವು ನನ್ನ ಕಿವಿಯಲ್ಲಿ, “ಇಲ್ಲಿನ ಹೆಂಗಸರಿಗೆ ಇನ್ನೂ ತಿಳುವಳಿಕೆ ಸಾಲದು ಅಂತ ಹೇಳಮ್ಮ” ಎಂದಿರಿ. ನಾನು ಹೇಳಿದೆ. ಎಂಥ ಸೊಗಸಾದ ಉಚ್ಚಾರಣೆಯಲ್ಲಿ ಹೇಳಿದೆ! ಒಂದಕ್ಷರವೂ ಅರ್ಥವಾಗದ ಅತ್ತೆ ಪಕ್ಕದಲ್ಲೇ ನಿಂತು, ಸೊಸೆಯ ಇಂಗ್ಲಿಷ್ ಕೇಳಿ ಹೆಮ್ಮೆಯಿಂದ ನಗುತ್ತಿದ್ದರು. ಅದೇ ವಾಕ್ಯ ಈಗ ನಮಗೆ ದರ್ಜೆ ತಪ್ಪಿಸಿದ ನಿಮ್ಮ ವರದಿಯಲ್ಲಿದೆ. ಓದಿದಾಗ ಹೇಸಿಗೆ ಹುಟ್ಟಿತು. ನಿಮ್ಮ ಮೇಲೆ ಮಾತ್ರವಲ್ಲ, ನನ್ನ ನಾಲಿಗೆಯ ಮೇಲೂ.

ಅತ್ತೆ ಆ ಕರೆಯೋಲೆಯನ್ನು ನಾಲ್ಕಾಗಿ ಮಡಚಿ ಅಲುಗಾಡುವ ಮಣೆಯ ಕಾಲಿನಡಿ ಇಟ್ಟರು. “ಕಾಫಿ ಕಿತ್ತು ಖಾತ್ ನೆಡು ಮಗಾ,” ಎಂದರು ನನ್ನ ಗಂಡನಿಗೆ. “ಅಮಲಿಗೆ ಅದನ್ನ ಜಗಿಯೋರಿಗೆ ಎಲೆ ಹಸಿರಾಗಿದ್ರೆ ಸಾಕು. ಯಾವ ಸಾಹೇಬ್ರೂ ಪಾಠ ಹೇಳೋಕೆ ಬರಲ್ಲ.” ಗುರುವಾರದ ಸಂತೆಯಿಂದ ಸಸಿ ಬರುತ್ತವೆ. ಅವರ ಅತ್ತೆ ನೆಟ್ಟ ಮುನ್ನೂರು ಗಿಡಗಳ ಬುಡಕ್ಕೆ ಶುಕ್ರವಾರ ಕೊಡಲಿ ಬೀಳುತ್ತದೆ. ಮೇಲಿನ ತೋಟದ ಕೊನೆಯ ಕೊಯ್ಲು ಇನ್ನೂ ಗಿಡದಲ್ಲೇ ಇದೆ. ನಿಮ್ಮ ಕಣ್ಣು ಅಲ್ಲಿಯವರೆಗೆ ಹತ್ತಲಿಲ್ಲವಾದ್ದರಿಂದ ಅದು ಬದುಕಿದೆ.

ಆದ್ದರಿಂದ ಗುರುವಾರದೊಳಗೆ ಸಹಕಾರ ಸಂಘದ ಅಂಗಳಕ್ಕೆ ಬಂದು, ನಮ್ಮ ಒರೋಮೋ ಮಾತಿನಲ್ಲಿ, ಎಲ್ಲರ ಎದುರು ಹೇಳಿ: ಕೊಯ್ಯಿಸಿದವನು ನಾನು. ವರದಿಯನ್ನು ಹಿಂತೆಗೆದುಕೊಳ್ಳಿ. ಮೇಲಿನ ತೋಟದ ಕಾಫಿಯನ್ನು ಎಲೆಮಾ ಹೆಸರಿನಲ್ಲೇ ಪರೀಕ್ಷೆಗೆ ಕಳಿಸಿ. ನಾನು ಹೇಳಿದ್ದು ಸುಳ್ಳೆಂದು ಆ ಖರೀದಿದಾರಳಿಗೆ ಆಗಲೇ ಬರೆದಿದ್ದೇನೆ. ಅಂದು ಏನು ಅನುವಾದಿಸಿದೆ ಎಂಬುದು ಅತ್ತೆಗೆ ಮಾತ್ರ ಇನ್ನೂ ಗೊತ್ತಿಲ್ಲ. ಪತ್ರಿಕೆಗೆ ಕಳಿಸುವ ಮುನ್ನ ಇದನ್ನು ಅವರಿಗೆ ಓದಿ ಹೇಳಲು ಹೊರಟಿದ್ದೇನೆ. ನನಗೇ ಅಷ್ಟು ಧೈರ್ಯ ಬಂದಿರುವಾಗ ನಿಮಗೇನು ಕಷ್ಟ?

ಇಂತಿ,
ನಿಮ್ಮ ಸುಳ್ಳನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ನುಡಿದ ಸೊಸೆ,
ಸೊರೇತಿ