ಮಸ್ಕತ್ತಿನಿಂದ ಬರುವ ‘ಬುಡು’

ಸಿದ್ಧಾರ್ಥನಗರ, ಮೈಸೂರು
16 ನವೆಂಬರ್ 2025, ಭಾನುವಾರ

ಪ್ರೀತಿಯ ಲಾಸ್ಯಳ ಅಪ್ಪನಿಗೆ,

ನಿಮ್ಮ ಕೆಮ್ಮು ಇಳಿಯಿತೇ? ಆಫೀಸಿನಲ್ಲಿ ಏಸಿಯ ನೇರಕ್ಕೆ ಕೂರಬೇಡಿ. ಇಲ್ಲಿ ಅತ್ತೆಯವರು ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಈ ಕಾಗದ.

ನಿನ್ನೆ ಜೂನಿಯರ್ ಗಾಲ್ಫ್ ತಂಡದ ಆಯ್ಕೆ ಇತ್ತಲ್ಲ, ಅಲ್ಲಿಗೆ ಫೋನ್ ಬಿಡುವುದಿಲ್ಲ. ಮೊದಲ ಹೊಡೆತಕ್ಕೆ ನಿಮ್ಮ ಮಗಳು ಕ್ಲಬ್ಬನ್ನು ಭುಜದ ಮೇಲಕ್ಕೆ ಎತ್ತಿದಳು, ಇಳಿಸಲೇ ಇಲ್ಲ. ಹಾಗೇ ನಿಂತಳು. ಸುತ್ತ ಇದ್ದವರೆಲ್ಲ ನೋಡುತ್ತಿದ್ದರು. ಕೊನೆಗೆ ಹೊಡೆದ ಚೆಂಡು ಬಲಗಡೆಯ ಮರಗಳೊಳಗೆ ಹೋಯಿತು. ಕಾರಿನಲ್ಲಿ ಕೇಳಿದ್ದಕ್ಕೆ, “ಅಪ್ಪ ಬುಡು ಅನ್ಲಿಲ್ವಲ್ಲಮ್ಮ, ಕಾಯ್ತಿದ್ದೆ” ಅಂದಳು.

ಪ್ರತಿ ವಾರ ಅಭ್ಯಾಸದ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ನೀವು ಕಲಿಸಿದ್ದು ಇದನ್ನೇ. ಮೊದಲೆಲ್ಲ ಹೊಡೆಯುವಾಗ ಅವಳ ಕೈಗಳು ಚೆಂಡಿಗಿಂತ ಒಂದಿಷ್ಟು ಮುಂದೆ ಬರುತ್ತಿದ್ದವು, ಮಣಿಕಟ್ಟು ತನ್ನ ಪಾಡಿಗೆ ಸಡಿಲವಾಗುತ್ತಿತ್ತು. ಅದು ಸರಿಯಾಗಿದೆಯೆಂದೇ ಕೋಚ್ ಸಿದ್ದೇಶ್ ಅದನ್ನು ಮುಟ್ಟಲು ಹೋಗಿರಲಿಲ್ಲ. ನೀವು ಮಸ್ಕತ್ತಿನಲ್ಲಿ ಕೂತು, ಮಣಿಕಟ್ಟು ಬಿಡುವ ಗಳಿಗೆಗೆ “ಬುಡು” ಎಂದು ಕೂಗಲು ಶುರು ಮಾಡಿದಿರಿ. ಚಿತ್ರ ನಿಮ್ಮನ್ನು ತಡವಾಗಿ ತಲುಪುತ್ತದೆ, ನಿಮ್ಮ ದನಿ ಇನ್ನೂ ತಡವಾಗಿ ಇಲ್ಲಿಗೆ ಬರುತ್ತದೆ. ಆ ದನಿಗಾಗಿ ಮಗಳು ಕೈ ಬಿಗಿಹಿಡಿದು ಕಾಯುವುದನ್ನು ಕಲಿತಳು. ಕಾದರೆ ಚೆಂಡು ಬಲಕ್ಕೆ ಓಡುತ್ತದೆ. ಅದನ್ನು ನೋಡಿ, ಎಡಗೈಯನ್ನು ಇನ್ನಷ್ಟು ಬಲಕ್ಕೆ ತಿರುಗಿಸಿ ಹಿಡಿ ಅಂದಿರಿ. ತಪ್ಪು ನಿಮ್ಮ ಕೂಗಿನದು, ತಿದ್ದಿದ್ದು ಅವಳ ಕೈಯನ್ನು.

“ಮೇಡಂ, ಒಂದೋ ನಾನು ಇರ್ಬೇಕು, ಇಲ್ಲಾ ಆ ಫೋನು ಇರ್ಬೇಕು ಕಣ್ರೀ” ಎಂದು ನಿನ್ನೆ ಆಯ್ಕೆ ಮುಗಿದ ಮೇಲೆ ಸಿದ್ದೇಶ್ ನನ್ನ ಮುಖ ನೋಡದೆ ಹೇಳಿದರು. ನಿಮ್ಮ ಪರವಾಗಿ ನಾನು ತಲೆ ತಗ್ಗಿಸಬೇಕಾಯಿತು.

ಇವತ್ತು ಬೆಳಿಗ್ಗೆ ಪೂಜೆಗೆ ಕೂತಾಗ ಅವಳ ಎಡ ಅಂಗೈಯಲ್ಲಿ ಇಷ್ಟಲಿಂಗ ನಡುಗಿತು. ಮಣಿಕಟ್ಟು ಊದಿಕೊಂಡಿದೆ, ನಮಗೆ ಹೇಳಿಯೇ ಇಲ್ಲ. ಅತ್ತೆಯವರು ಎದ್ದುಹೋಗಿ ಹರಳೆಣ್ಣೆ ಬಿಸಿಮಾಡಿ ತಂದರು. ಎಣ್ಣೆ ಹಚ್ಚುತ್ತಾ, “ಅವನಿಗೂ ನಾನು ಪೂಜೆ ಕಲಿಸ್ದೆ. ಅವನ ಕೈ ಹಿಡ್ಕೊಂಡೇ ನಾನು ಕೂತ್ಕೊಳ್ಳಲಿಲ್ಲ” ಅಂದರು. ನಿಮ್ಮ ತಾಯಿಯ ಮಾತು, ಹಾಗೇ ಬರೆದಿದ್ದೇನೆ.

ನಾನು ಪದ್ಯ ಓದುವಾಗ ಎಲ್ಲಿ ಉಸಿರು ನಿಲ್ಲಿಸಬೇಕೆಂದು ಯಾರಾದರೂ ಪಕ್ಕದಲ್ಲಿ ಕೂಗಿದರೆ ಪುಸ್ತಕ ಮುಚ್ಚಿ ಎದ್ದುಬಿಡುತ್ತೇನೆ. ಅವಳು ಎದ್ದುಹೋಗಲಿಲ್ಲ. ದೂರದಲ್ಲಿರುವ ಅಪ್ಪನ ಜೊತೆ ಕಳೆಯಲು ಅವಳಿಗಿದ್ದದ್ದು ವಾರಕ್ಕೆ ಆ ಒಂದು ಗಂಟೆ ಮಾತ್ರ. ಅದಕ್ಕೆ ಕೈ ನೋವನ್ನೂ ನುಂಗಿದಳು. ನನ್ನ ಸಿಟ್ಟು ಇಳಿಯದಿರುವುದು ಇದಕ್ಕೇ.

ಔಷಧಿ ತಪ್ಪಿಸಬೇಡಿ. ಅತ್ತೆಯವರ ಆಶೀರ್ವಾದ.

ಶಿಲ್ಪಶ್ರೀ

ಮರೆತಿದ್ದೆ: ಡಿಸೆಂಬರ್ ಕೊನೆಗೆ ಇನ್ನೊಂದು ಆಯ್ಕೆ ಇದೆ, ಕೈ ವಾಸಿಯಾದರೆ ಆಡುತ್ತಾಳಂತೆ. ಅಲ್ಲಿಯವರೆಗೆ ಅಭ್ಯಾಸಕ್ಕೆ ಫೋನ್ ಬರುವುದಿಲ್ಲ. ರಜೆ ಹಾಕಿ ಬನ್ನಿ. ಅವಳಿಗೆ ಕಾಣುವ ಹಾಗೆ, ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಷರತ್ತು ನನ್ನದಲ್ಲ, ಅವಳದು.