ನೀಲಿ ದಾರದ ಪೈನ್ ಗಿಡ

ನರ್ಸರಿಯ ಹಿಂದಿನ ಕೋಣೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದರಂತೆ, ಗೋಡೆ ಹಿಡಿಯದೆ ಅಡುಗೆಮನೆವರೆಗೆ ಹೋಗಿ ಬರುತ್ತೀರಂತೆ. ಅತ್ತಿಗೆ ಫೋನಿನಲ್ಲಿ ಹೇಳಿದರು. ಆಪರೇಷನ್ ಆದ ಮೇಲೆ ಮಗಳ ಮನೆಯಲ್ಲಿ ಎರಡು ತಿಂಗಳು ಆರಾಮವಾಗಿರಿ ಎಂದು ಡಾಕ್ಟರು ಹೇಳಿದ್ದರೂ, ನೀವು ಅಲ್ಲಿನ ಬಾಲ್ಕನಿಯ ಕುಂಡಗಳ ಮಣ್ಣು ಕೆದಕುತ್ತಿದ್ದೀರಿ ಎಂಬ ವರದಿಯೂ ಬಂದಿದೆ. ಕೂತವರು ಕೂತಿರಿ ಅತ್ತೆ, ಗಿಡಗಳೆಲ್ಲೂ ಓಡಿಹೋಗುವುದಿಲ್ಲ. ಹಾಗೆಂದು ನಾನು ಹೇಳುವುದು ಎಷ್ಟು ದೊಡ್ಡ ತಮಾಷೆ ಎಂದು ಮುಂದೆ ಗೊತ್ತಾಗುತ್ತದೆ. ಅಕ್ಷರಗಳು ಇಷ್ಟು ದಪ್ಪ ಏಕೆ ಎನ್ನಬೇಡಿ, ಕೈಗೆ ಸಿಕ್ಕಿದ್ದು ಕುಂಡಕ್ಕೆ ಬರೆಯುವ ಪೆನ್ನು. ಇದು ನಮ್ಮಿಬ್ಬರ ಗಿಡದ ವಿಚಾರ, ಅತ್ತಿಗೆ ಕೈಗೆ ಕೊಡದೆ ನೀವೇ ಓದಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ: ಚಿಕ್ಕ ಯಜಮಾನರು ಮನೆಯಲ್ಲಿದ್ದಾರೆ, ಸುಖವಾಗಿದ್ದಾರೆ. ಈಗ ಗಾಬರಿಯಾಗದೆ ಮುಂದೆ ಓದಿ. ನಿಮ್ಮ ಚಿಕ್ಕ ಯಜಮಾನರು ಕುಂಡದ ಸಮೇತ ಮೂರು ದಿನ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ನಿಂತು ಬಂದರು.

ಮಂಗಳವಾರ ಆ ಡಾಕ್ಟರು ಬಂದು, ಬಾಗಿಲ ಮುಂದಿಡಲು ಕುಳ್ಳ ಪೈನ್ ಬೇಕೆಂದರು. ನೀವು ಹೇಳಿಕೊಟ್ಟ ಲೆಕ್ಕ ನನಗೆ ಬಾಯಿಪಾಠ. ಹಸಿರು ಉಣ್ಣೆ ದಾರ ಕಟ್ಟಿದ್ದು ಮಾರುವುದು, ನೀಲಿ ದಾರ ಕಟ್ಟಿದ್ದನ್ನು ಮುಟ್ಟಲೂ ಕೂಡದು. ಬಿಸಿಲಿಗೆ ಬಿಳಿಚಿದ ದಾರಗಳನ್ನೆಲ್ಲ ಕಿತ್ತು, ಊರಿಗೆ ಹೊರಡುವ ಹಿಂದಿನ ದಿನ ನೀವೇ ಹೊಸವನ್ನು ಕಟ್ಟಿದ್ದಿರಲ್ಲ, ಅದನ್ನೇ ನೋಡಿ ಒಂದು ಕುಂಡ ಎತ್ತಿಕೊಟ್ಟೆ. ಡಾಕ್ಟರು ಖುಷಿಯಾಗಿ ಹೋದರು. ನಾನೂ ಒಬ್ಬಳೇ ಮೊದಲ ಮಾರಾಟ ಮಾಡಿದೆನೆಂದು ಬೀಗಿದೆ.

ಶುಕ್ರವಾರ ಬೆಳಿಗ್ಗೆ ನೀಲಿ ದಾರದವರಿಗೆ ನೀರು ಹಾಕುತ್ತಿದ್ದೆ. ಒಣಗಿದ ಸೂಜಿ ಎಲೆಗಳನ್ನು ಬುಡದಿಂದ ತೆಗೆಯುವಾಗ ಬೆರಳಿಗೆ ಏನೋ ಗಂಟು ತಾಕಿತು. ಗಂಟಿನ ಕೆಳಗೆ ತೊಗಟೆ ಒರಟು, ಮೇಲೆ ನುಣುಪು. ಕಸಿ ಗಂಟು! ಕುಳ್ಳ ಪೈನನ್ನು ಕರಿ ಪೈನಿನ ಬೇರಿಗೆ ಕಸಿ ಕಟ್ಟಿ ಮಾಡುವುದು ನನಗೆ ಗೊತ್ತು. ಆದರೆ ಬೀಜದಿಂದ ಹುಟ್ಟಿದ ಚಿಕ್ಕ ಯಜಮಾನರಿಗೆ ಕಸಿ ಗಂಟು ಎಲ್ಲಿಂದ ಬರಬೇಕು? ಅಂದರೆ ಮಂಗಳವಾರ ನಾನು ಮಾರಿದ್ದು ಅವರನ್ನೇ! ಮಾವನವರು ಬೆಟ್ಟದ ನೆತ್ತಿಯಿಂದ ಅಂಗಿ ಜೇಬಿನಲ್ಲಿ ಹನ್ನೊಂದು ಬೀಜ ತಂದದ್ದು, ಹತ್ತು ಸತ್ತು ಒಂದೇ ಒಂದು ಉಳಿದದ್ದು, ಆಮೇಲೆ ಆ ಬೆಟ್ಟದಲ್ಲಿ ರಸ್ತೆ ಕಡಿದು ತಾಯಿಮರಗಳೆಲ್ಲ ಹೋದದ್ದು, ಕೊನೆಗೆ ಮಾವನವರೂ ಹೋದದ್ದು, ನೀವು ನೂರು ಸಲ ಹೇಳಿದ ಕಥೆ ಒಂದೇ ಉಸಿರಿಗೆ ಕಣ್ಣ ಮುಂದೆ ಬಂತು. ಮೂರು ವರ್ಷ ಇದೇ ಮನೆಯಲ್ಲಿದ್ದೂ ಗುರುತು ಸಿಗಲಿಲ್ಲವೇ ಎಂದು ಬೈಯುತ್ತೀರಿ. ಬೈಯಿರಿ. ಆದರೆ ಆ ಸಾಲಿನ ಹತ್ತಿರ ನೀವು ಯಾರನ್ನು ತಾನೇ ಬಿಟ್ಟಿದ್ದಿರಿ? ಎರಡಕ್ಕೂ ಒಂದೊಂದು ಗೊಂಚಲಿಗೆ ಐದೈದು ಸೂಜಿ, ಎರಡೂ ಮೊಣಕಾಲೆತ್ತರ. ಎರಡು ಸೂಜಿಯವರು ಗಟ್ಟಿಗರು, ಮೂರರವರು ಜಂಬದವರು, ಐದರವರು ಮುನಿಸಿಕೊಳ್ಳುವವರು ಎಂದು ನೀವು ಹೇಳಿಕೊಟ್ಟ ಪಾಠ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಗೇಟಿಗೆ ಬೀಗ ಹಾಕಿ, ಮಣ್ಣು ಕೈಯಲ್ಲೇ ಕ್ಲಿನಿಕ್ಕಿಗೆ ಓಡಿದೆ. ಯಜಮಾನರು ಬಾಗಿಲ ಪಕ್ಕ ನಿಂತಿದ್ದರು, ತುದಿಯ ಚಿಗುರು ಮೇಣದ ಬತ್ತಿಯಂತೆ ನೆಟ್ಟಗೆ. ಅಳು ಬಂದುಬಿಟ್ಟಿತು ಅತ್ತೆ. ಕುಂಡ ಎತ್ತಲು ಬಗ್ಗಿದೆ, ಒಳಗಿನ ಮೇಜಿನ ಹುಡುಗಿ ಕಳ್ಳಿಯನ್ನು ಹಿಡಿದಂತೆ ಕೂಗಿದಳು. ಡಾಕ್ಟರನ್ನು ನೋಡಬೇಕೆಂದರೆ ‘ಅಪಾಯಿಂಟ್‌ಮೆಂಟ್ ಇಲ್ದೆ ಒಳಗೆ ಬಿಡಲ್ಲ’ ಎಂದಳು. ಸರಿ, ಹಲ್ಲುನೋವೆಂದು ಚೀಟಿ ಬರೆಸಿ ಕೂತೆ. ಮುಕ್ಕಾಲು ಗಂಟೆ ಕಿಟಕಿಯಿಂದ ಗಿಡವನ್ನೇ ನೋಡಿದೆ. ಕುರ್ಚಿಯ ಮೇಲೆ ಮಲಗಿಸಿದ ಡಾಕ್ಟರು ನಾನು ಬಾಯಿ ತೆರೆದದ್ದು ಮಾತಾಡಲು ಎಂದು ತಿಳಿಯದೆ ಎರಡು ಹತ್ತಿಯುಂಡೆ ತುರುಕಿದರು. ಆಮೇಲೆ ಹರಟುತ್ತಾ, ‘ನೀವು ಕೊಟ್ಟ ಗಿಡ ಚೆನ್ನಾಗಿದೆ, ಬೋರ್ಡಿಗೆ ಅಡ್ಡ ಬರುತ್ತೆ ಅಷ್ಟೆ, ಊಟಕ್ಕೆ ಹೋಗೋವಾಗ ತುದಿ ಕತ್ತರಿಸಿಬಿಡ್ತೀನಿ’ ಎಂದರು. ನಾನು ಹತ್ತಿಯ ಸಮೇತ ಎದ್ದು ಕೂತು ಅವರ ಕೈ ಹಿಡಿದುಕೊಂಡೆ. ಪಾಪ, ನೋವು ತಡೆಯಲಾಗದೆ ಹಿಡಿದೆನೆಂದುಕೊಂಡು ಸಮಾಧಾನ ಮಾಡಿದರು.

ಹತ್ತಿ ಉಗಿದು ಎಲ್ಲ ಹೇಳಿದೆ. ಕುಳ್ಳ ಪೈನ್ ಕತ್ತರಿಗೆ ಒಗ್ಗಿಕೊಂಡ ತೋಟದ ಗಿಡ, ಇದು ಗಾಳಿಗೆ ಎದೆಯೊಡ್ಡಿ ಮೇಲೇರುವ ಕಾಡಿನದು, ತುದಿ ಕಡಿದರೆ ಮತ್ತೆ ಆ ನಿಲುವು ಬರುವುದಿಲ್ಲ ಎಂದೆ. ನಂಬಿಕೆ ಬರಲೆಂದು ನಿಮ್ಮ ಮಗನಿಗೆ ಫೋನು ಮಾಡಿ ಆ ಇನ್ನೊಂದು ಕುಂಡವನ್ನೂ ತರಿಸಿದೆ. ಡಾಕ್ಟರು ಬಗ್ಗಿ ಎರಡರ ಬುಡವನ್ನೂ ಬೆರಳಿನಿಂದ ಸವರಿ, ‘ಅಂದ್ರೆ ಇದು ಹುಟ್ಟಿದ ಹಲ್ಲು, ಅದು ಕಟ್ಟಿಸಿದ್ದು’ ಎಂದು ನಕ್ಕರು. ಅಷ್ಟು ಬೇಗ ಅರ್ಥ ಮಾಡಿಕೊಂಡ ಮನುಷ್ಯನ ಕಾಲಿಗೆ ಬೀಳುವುದೊಂದು ಬಾಕಿ. ಕೂಡಲೇ ಬದಲಾಯಿಸಿಕೊಂಡರು.

ದಾರಿಯುದ್ದಕ್ಕೂ ಕುಂಡ ನನ್ನ ತೊಡೆಯ ಮೇಲೇ ಇತ್ತು. ಕೆಳಗಿನ ಒಂದು ಕಡ್ಡಿ ಮುರಿದಿದೆ, ಮಿಕ್ಕಂತೆ ಒಂದು ಸೂಜಿಯೂ ಕೊಂಕಿಲ್ಲ. ಮುರಿದಲ್ಲಿ ಒಸರಿದ ಅಂಟು ಎಣ್ಣೆ ಹಚ್ಚಿ ತಿಕ್ಕಿದರೂ ಕೈಯಿಂದ ಹೋಗಿಲ್ಲ, ಅದರ ವಾಸನೆಗೆ ನಿಮ್ಮ ನೆನಪಾಗುತ್ತದೆ. ನಿಮ್ಮ ಮಗ ‘ಬಣ್ಣ ನೋಡಿ ಕೊಡೋಕೂ ಬರಲ್ವಾ’ ಎಂದು ಎರಡು ದಿನ ರೇಗಿಸಿದರು. ಹೌದು, ಬರಲ್ಲ ಎಂದು ಒಪ್ಪಿಕೊಂಡೆ. ಯಜಮಾನರು ಈಗ ಈ ಕೋಣೆಯ ಕಿಟಕಿಯ ಹೊರಗೆ, ನನ್ನ ಕಣ್ಣೆದುರಿಗೇ ಇದ್ದಾರೆ. ನಿನ್ನೆ ಹೊಟ್ಟೆ ತುಂಬಾ ಉಂಡು ಮಧ್ಯಾಹ್ನವೆಲ್ಲ ಮಲಗಿದ್ದೆ.

ಅತ್ತಿಗೆಗೂ ಅಣ್ಣನವರಿಗೂ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ನಿಮ್ಮ ಆಶೀರ್ವಾದ, ಬೈಗುಳ ಎರಡೂ ಒಂದೇ ಟಪಾಲಿನಲ್ಲಿ ಬರಲಿ.

ಇಂತಿ,
ನಿಮ್ಮ ಸೊಸೆ

ಮರೆತಿದ್ದೆ: ಅತ್ತೆ, ಚಿಕ್ಕ ಯಜಮಾನರಿಗೆ ಕಟ್ಟಿದ್ದ ದಾರ ಹಸಿರು. ಕುಳ್ಳನಿಗೆ ಕಟ್ಟಿದ್ದು ನೀಲಿ. ಎರಡೂ ನಿಮ್ಮದೇ ಎರಡು ಸುತ್ತಿನ ಗಂಟು. ನಾನು ಬಿಚ್ಚಿ ಸರಿಯಾಗಿ ಕಟ್ಟಿದ್ದೇನೆ, ನಿಮ್ಮ ಮಗನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಸೂಜಿಗಳನ್ನು ಬೆರಳಿನಲ್ಲೇ ಎಣಿಸುವುದು ಜಾಣತನವೆಂದೇ ಇಷ್ಟು ದಿನ ತಿಳಿದಿದ್ದೆ. ಬೀಜದ ಪೊಟ್ಟಣಗಳನ್ನು ನನ್ನಿಂದ ಓದಿಸುತ್ತಿದ್ದದ್ದು ನನಗೆ ಕಲಿಸಲೆಂದೂ ತಿಳಿದಿದ್ದೆ. ದಪ್ಪ ಪೆನ್ನು ಕೈಗೆ ಸಿಕ್ಕಿದ್ದಲ್ಲ, ಹುಡುಕಿ ತಂದದ್ದು. ಸುಳ್ಳು ಹೇಳಿ ಕೂತ ಆ ಕುರ್ಚಿಯಲ್ಲಿ ನನಗೆ ನಿಜವಾಗಿಯೂ ಒಂದು ಹುಳುಕು ಹಲ್ಲು ಸಿಕ್ಕಿತು, ಗುರುವಾರ ಹನ್ನೊಂದಕ್ಕೆ ತುಂಬಿಸಿಕೊಳ್ಳುತ್ತೇನೆ. ನನಗೆಷ್ಟು ಹೆದರಿಕೆ ಎಂದು ನಿಮಗೆ ಗೊತ್ತು. ನಿಮ್ಮ ಮಂಡಿ ನೋಡುವ ಆಸ್ಪತ್ರೆಯಲ್ಲೇ ಕಣ್ಣಿನ ಡಾಕ್ಟರೂ ಇದ್ದಾರಂತೆ. ಗುರುವಾರ ಹನ್ನೊಂದಕ್ಕೆ ನೀವೂ ಅಲ್ಲಿ ಹೋಗಿ ಕೂತರೆ ನಾನು ಇಲ್ಲಿ ಧೈರ್ಯವಾಗಿ ಬಾಯಿ ತೆರೆಯುತ್ತೇನೆ.